ಒಂದೇ ಸೋರಿಕೆ, ಮೂರು ಕೋಣೆ: ಸಿಮೆಂಟು, ಪಿಒಪಿ, ಗಾರೆ

ಮೈಸೂರಿನ ನಮ್ಮ ಮನೆ ತಾತ ಕಟ್ಟಿಸಿದ್ದು. ಮದ್ರಾಸ್ ತಾರಸಿ: ತೇಗದ ತೊಲೆಗಳ ಮೇಲೆ ಸಣ್ಣ ಇಟ್ಟಿಗೆ ಓರೆಯಾಗಿ ನಿಲ್ಲಿಸಿ, ಅದರ ಮೇಲೆ ಇಟ್ಟಿಗೆ ಚೂರು ಬೆರೆಸಿದ ಸುಣ್ಣದ ಗಚ್ಚು, ಕೆಳಗಡೆ ತೊಲೆಗಳ ನಡುವೆ ಸುಣ್ಣ, ಮರಳಿನ ಗಾರೆ. ಒಂದು ಅಕ್ಟೋಬರಿನ ಮಳೆಗೆ ಮೂರು ಕೋಣೆಯಲ್ಲಿ ಗಾರೆ ಉಬ್ಬಿತು. ಬೆರಳ ಗಿಣ್ಣಿನಿಂದ ತಟ್ಟಿದರೆ ಹಲಸಿನಹಣ್ಣಿನ ಸದ್ದು. ಮೂವರು ಮೂರು ಉಪಾಯ ಹೇಳಿದರು, ಮೂರನ್ನೂ ಮಾಡಿಸಿದೆ. ಪ್ರಯೋಗದ ಹುಮ್ಮಸ್ಸೇನಲ್ಲ, ಕೈಯಲ್ಲಿ ದುಡ್ಡಿದ್ದಾಗ ಒಂದೊಂದು ಕೋಣೆ, ಸಿಕ್ಕವರ ಕೈಯಲ್ಲಿ.

ನಡುಮನೆಗೆ ಸಿಮೆಂಟು. ತಂತಿಯ ಕೋಳಿಬಲೆ ಹೊಡೆದು, ಒಂದು ಪಾಲು ಸಿಮೆಂಟಿಗೆ ನಾಲ್ಕು ಪಾಲು ಮರಳಿನ ಕಲಸು ಮೆತ್ತಿ ಎರಡೇ ದಿನದಲ್ಲಿ ಮುಗಿಸಿದರು. ನೋಡಲು ಕಲ್ಲಿನಂತಿತ್ತು. ಮರುವರ್ಷದ ಮಳೆಯಲ್ಲಿ ಮೊದಲು ಅಂಚಿನಲ್ಲಿ ಬಿಳಿ ಉಪ್ಪು ಹೂ ಬಿಟ್ಟಿತು. ಆಮೇಲೊಂದು ರಾತ್ರಿ ಊಟದೆಲೆಯಷ್ಟಗಲದ ಚಕ್ಕೆ ಧಡ್ಡೆಂದು ಕೆಳಗೆ. ತಿರುಗಿಸಿ ನೋಡಿದರೆ ಹಳೇ ಇಟ್ಟಿಗೆಯ ಮೈಯೇ ಸುಲಿದು ಅಂಟಿಕೊಂಡಿತ್ತು. ಇಟ್ಟಿಗೆ ಮೆದು, ಸಿಮೆಂಟು ಗಡಸು; ಒಳಗೆ ಇಳಿದ ನೀರಿಗೆ ಆರಿಹೋಗಲು ದಾರಿಯಿಲ್ಲ.

ಮುಂದಿನ ಕೋಣೆಗೆ ಭಾವಮೈದನ ಸಲಹೆಯಂತೆ ಪಿಒಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಫಾಲ್ಸ್ ಸೀಲಿಂಗ್, ಅಂದರೆ ಸೂರಿನ ಕೆಳಗೆ ತೂಗುಬಿಟ್ಟ ಇನ್ನೊಂದು ಸೂರು. ಅಂದ ಅಂದರೆ ಇದೇ, ಒಪ್ಪುತ್ತೇನೆ. ಆದರೆ ಅರ್ಧ ಅಡಿ ಎತ್ತರ ಹೋಯಿತು, ಬೆಳಕಿಂಡಿ ಮುಚ್ಚಿತು. ಮಳೆಗೆ ಚಹಾ ಬಣ್ಣದ ಬಳೆ ಮೂಡಿ, ಹಲಗೆ ಹೊಟ್ಟೆ ಬಿಟ್ಟಿತು. ಕಿತ್ತು ನೋಡಿದರೆ, ಗೋಡೆಯೊಳಗೆ ಕೂತ ತೊಲೆಯ ತುದಿಗೆ ಸ್ಕ್ರೂಡ್ರೈವರು ಬೆಣ್ಣೆಗೆ ಚುಚ್ಚಿದಂತೆ ಇಳಿಯಿತು. ಸಿಮೆಂಟು ಬಿದ್ದಾದರೂ ಎಚ್ಚರಿಸಿತ್ತು. ಇದು ಕೊಳೆಯುತ್ತಿದ್ದುದನ್ನು ಚೆಂದವಾಗಿ ಮುಚ್ಚಿಟ್ಟಿತ್ತು.

ಊಟದ ಮನೆಗೆ ಗಾರೆ. ಇದಕ್ಕೆ ಮೇಸ್ತ್ರಿ ಹುಡುಕುವುದೇ ದೊಡ್ಡ ಪಾಡು. ಸಿಕ್ಕ ವಯಸ್ಸಾದವರು ಸುಟ್ಟ ಸುಣ್ಣಕ್ಕೆ ನೀರು ಹಾಕಿಸಿದಾಗ ಅದು ಕೊತಕೊತ ಕುದಿಯಿತು. ಮೂರು ವಾರ ಗುಂಡಿಯಲ್ಲಿ ಬಿಟ್ಟು, ಮರಳಿನ ಜೊತೆ ಅಳಲೆಕಾಯಿ, ಬೆಲ್ಲ ನೆನೆಸಿದ ನೀರು ಹಾಕಿ ಅರೆದರು. ಅದರ ಹುಳಿ ನಾತ ವಾರವೆಲ್ಲ ಮನೆ ತುಂಬಿತ್ತು, ಇರುವೆಯೂ ಬಂತು. ಕರಣೆಯ ಮೇಲೆ ನಿಂಬೆಹಣ್ಣಿನಷ್ಟು ಗಾರೆ ತೆಗೆದು ಮಣಿಕಟ್ಟಿನಿಂದ ಚಿಮ್ಮಿದರೆ ಅದು ಸೂರಿಗೆ ಪಟ್ಟನೆ ಹಿಡಿಯುತ್ತಿತ್ತು. ನಾನು ಚಿಮ್ಮಿದ್ದು ನನ್ನ ಮೂಗಿನ ಮೇಲೇ ಬಿತ್ತು. ಮೊದಲ ಪದರ ಹತ್ತು ದಿನ ಆರಬೇಕು, ಆಮೇಲೆ ಎರಡನೆಯದು. ನಾನು ಅವಸರ ಮಾಡಿದ್ದಕ್ಕೆ, "ಸುಣ್ಣಕ್ಕೆ ಗಾಳಿ ಕುಡಿಯೋಕೆ ಬಿಡಿ ಸ್ವಾಮಿ" ಅಂದರು. ಸುಣ್ಣ ಗಟ್ಟಿಯಾಗುವುದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು, ಅದಕ್ಕೆ ತಡ. ಒಟ್ಟು ಒಂದೂವರೆ ತಿಂಗಳು, ಸಿಮೆಂಟಿನ ಎರಡೂವರೆ ಪಟ್ಟು ಖರ್ಚು.

ಅದೇ ಮರುವರ್ಷದ ಮಳೆ ಇಲ್ಲಿಯೂ ಇಳಿಯಿತು. ಒದ್ದೆ ಕಲೆ ಹರಡಿತು, ಸಂಕ್ರಾಂತಿ ಹೊತ್ತಿಗೆ ಆರಿತು. ಅಂಗೈಯಗಲ ಎರಡು ಕಡೆ ಉದುರಿದ್ದನ್ನು, ಮಡಕೆಯಲ್ಲಿ ನೀರಿನಡಿ ಉಳಿಸಿಟ್ಟ ಸುಣ್ಣದಿಂದಲೇ ಅರ್ಧ ದಿನದಲ್ಲಿ ತೇಪೆ ಹಾಕಿದರು.

ಹಿತ್ತಲ ಕಡೆಯ ಹೊಸ ಆರ್‌ಸಿಸಿ ಕೋಣೆಗೆ ನಾನೂ ಸಿಮೆಂಟೇ ಹಾಕಿಸುತ್ತೇನೆ, ಅಲ್ಲಿ ಗಾರೆಯ ಹಟ ಬೇಡ. ಇನ್ನೊಂದು ಮಾತು: ಮೂರೂ ಕೋಣೆಗೆ ನೀರು ಬಿಟ್ಟಿದ್ದು ತಾರಸಿಯ ಅಂಚಿನ ಕೈಪಿಡಿ ಗೋಡೆಯ ಬಿರುಕಿನಲ್ಲಿ ಬೇರೂರಿದ್ದ ಗೇಣುದ್ದದ ಅರಳಿ ಸಸಿ. ಅದನ್ನು ಮೊದಲೇ ಕಿತ್ತು ಬಿರುಕು ಮುಚ್ಚಿದ್ದರೆ ಈ ಹೋಲಿಕೆಗೆ ಅವಕಾಶವೇ ಇರುತ್ತಿರಲಿಲ್ಲ.