ಲಿನಕ್ಸ್‌ನಲ್ಲಿ ಓಡುವ ಸ್ಕ್ರಿಪ್ಟ್ ವಿಂಡೋಸ್‌ನಲ್ಲಿ ಹ್ಯಾಂಗ್ ಆಗ್ತಿದೆಯಾ? ಆ ವೇಟ್ ಸಾಲು ನೋಡಿ

ಬೇರೆ ಪ್ರೋಗ್ರಾಂ ಓಡಿಸುವ ಪೈಥಾನ್ ಸ್ಕ್ರಿಪ್ಟ್ ನಿಮ್ಮ ಕೈಗೆ ಬಂದರೆ ಮೊದಲು ಒಂದು ವಿಷಯ ನೋಡಿ. ಔಟ್‌ಪುಟ್ಟನ್ನು ಪೈಪ್‌ಗೆ (ಒಂದು ಪ್ರೋಗ್ರಾಂ ಬರೆದದ್ದನ್ನು ಇನ್ನೊಂದಕ್ಕೆ ತಲುಪಿಸುವ ದಾರಿ) ಬಿಟ್ಟು, ಅದನ್ನು ಓದದೆ ನೇರ ವೇಟ್ (ಆ ಪ್ರೋಗ್ರಾಂ ಮುಗಿಯುವವರೆಗೆ ಕಾಯುವ ಕರೆ) ಕರೆದಿದ್ದಾರಾ? ಹಾಗಿದ್ದರೆ ಇವತ್ತಲ್ಲ ನಾಳೆ ಅದು ಕೈ ಕೊಡುತ್ತದೆ.

ನನ್ನ ಕೈಗೆ ಬಂದಿದ್ದು ಅಂಥದ್ದೇ. ಫೋಲ್ಡರಿನ ಫೈಲ್‌ಗಳನ್ನು ಒಂದು ಪ್ರೋಗ್ರಾಂಗೆ ಕೊಟ್ಟು ಕನ್ವರ್ಟ್ ಮಾಡಿಸುವ ಹಳೇ ಸ್ಕ್ರಿಪ್ಟ್. ಲಿನಕ್ಸ್‌ನಲ್ಲಿ ಯಾವತ್ತೂ ತೊಂದರೆ ಕೊಟ್ಟಿಲ್ಲ ಅಂದರು. ವಿಂಡೋಸ್‌ನಲ್ಲಿ ಅರ್ಧಕ್ಕೇ ನಿಂತಿತು. ಎರರ್ ಇಲ್ಲ, ಕ್ರ್ಯಾಶ್ ಇಲ್ಲ. ಟಾಸ್ಕ್ ಮ್ಯಾನೇಜರ್ ತೆಗೆದರೆ ಎರಡೂ ಪ್ರೊಸೆಸ್ ಇವೆ, ಸಿಪಿಯು ಮಾತ್ರ ಸೊನ್ನೆ. ಅಂದರೆ ಲೂಪ್‌ನಲ್ಲಿ ಸುತ್ತುತ್ತಿಲ್ಲ, ಯಾವುದಕ್ಕೋ ಕಾಯುತ್ತಿದೆ. ಇಷ್ಟು ದೊಡ್ಡ ಸುಳಿವು ಕಣ್ಣೆದುರೇ ಇದ್ದರೂ ಜೊತೆಯವರೆಲ್ಲ ಆಂಟಿವೈರಸ್ ಮೇಲೆ ಗೂಬೆ ಕೂರಿಸಿದರು.

ಜಾಸ್ತಿ ತಲೆ ಕೆಡಿಸಿದ್ದು ಇದು: ಏನಾಗ್ತಿದೆ ಅಂತ ತಿಳಿಯಲು ಆ ಕನ್ವರ್ಟರ್‌ನ ವರ್ಬೋಸ್ (ಹೆಚ್ಚು ವಿವರ ಬರೆಯುವ) ಆಯ್ಕೆ ಆನ್ ಮಾಡಿದರೆ ಇನ್ನೂ ಬೇಗ ನಿಲ್ಲುತ್ತಿತ್ತು. ಆಫ್ ಮಾಡಿದರೆ ಇನ್ನಷ್ಟು ಫೈಲ್ ಮುಂದೆ ಹೋಗುತ್ತಿತ್ತು. ನೋಡಲು ಹೋದವನಿಗೇ ಪೆಟ್ಟು!

ಕೊನೆಗೆ ನಿಂತಿದ್ದ ಸ್ಕ್ರಿಪ್ಟಿನ ಪ್ರೊಸೆಸ್ ನಂಬರ್ ಕೊಟ್ಟು, ಪೈಥಾನ್ ಪ್ರೋಗ್ರಾಂ ಒಳಗೆ ಇಣುಕುವ ಪೈ-ಸ್ಪೈ ಎಂಬ ಟೂಲಿನ ಡಂಪ್ ಕಮಾಂಡ್ ಓಡಿಸಿದೆ. ಸ್ಕ್ರಿಪ್ಟನ್ನು ಮತ್ತೆ ಶುರು ಮಾಡದೆ, ಬದಲಿಸದೆ, ಅದು ಯಾವ ಸಾಲಿನಲ್ಲಿದೆ ಅಂತ ತೋರಿಸುತ್ತದೆ. ಇದ್ದದ್ದು ವೇಟ್ ಸಾಲಿನಲ್ಲಿ.

ಆಗ ಕಥೆ ಬಿಚ್ಚಿಕೊಂಡಿತು. ಪೈಪ್‌ಗೆ ಒಂದು ಅಳತೆ ಇದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ 65,536 ಬೈಟ್. ವಿಂಡೋಸ್‌ನಲ್ಲಿ ಅಳತೆ ಹೇಳದೆ ತೆರೆದ ಪೈಪ್ ಅದಕ್ಕಿಂತ ತುಂಬಾ ಚಿಕ್ಕದು, ಸುಮಾರು 4 ಕೆಬಿ. ಕನ್ವರ್ಟರ್ ಪ್ರತಿ ಫೈಲ್‌ಗೂ ಒಂದೊಂದು ವಾರ್ನಿಂಗನ್ನು ಸ್ಟ್ಯಾಂಡರ್ಡ್ ಎರರ್‌ಗೆ (ಎರರ್, ವಾರ್ನಿಂಗ್‌ಗಳಿಗಿರುವ ಬೇರೆ ಔಟ್‌ಪುಟ್; ಅದೂ ಪೈಪ್‌ಗೇ ಹೋಗುತ್ತಿತ್ತು) ಬರೆಯುತ್ತಿತ್ತು. ಪೈಪ್ ತುಂಬಿತು; ವರ್ಬೋಸ್ ಆನ್ ಇದ್ದರೆ ಇನ್ನೂ ಬೇಗ. ಯಾರಾದರೂ ಓದಿ ಖಾಲಿ ಮಾಡಲಿ ಅಂತ ಕನ್ವರ್ಟರ್ ಕಾದಿತು. ಅದು ಮುಗಿಯಲಿ, ಆಮೇಲೆ ಓದೋಣ ಅಂತ ಸ್ಕ್ರಿಪ್ಟ್ ಕಾದಿತು. ಬಾಗಿಲಲ್ಲಿ ‘ನೀವು ಮೊದಲು, ನೀವು ಮೊದಲು’ ಅಂತ ಇಬ್ಬರೂ ನಿಂತ ಹಾಗೆ. ಲಿನಕ್ಸ್‌ನಲ್ಲಿ ಓಡಿದ್ದು ಬರೀ ಅದೃಷ್ಟ. ಫೈಲ್‌ಗಳು ಹೆಚ್ಚಾಗಿದ್ದರೆ ಅಲ್ಲೂ ಇದೇ ಗತಿ.

ಈ ಅಪಾಯ ಪೈಥಾನ್ ದಾಖಲೆಯಲ್ಲೇ, ವೇಟ್ ವಿವರಣೆಯ ಕೆಳಗೆ ಬರೆದಿದೆ. ಆದರೂ ಈ ಮಾದರಿ ಕೋಡ್ ಸುಮ್ನೆ ಕಾಪಿ ಆಗುತ್ತಲೇ ಇರುತ್ತದೆ.

ವೇಟ್ ಬದಲು ಕಮ್ಯುನಿಕೇಟ್ ಹಾಕಿ. ಅದು ಔಟ್‌ಪುಟ್, ಎರರ್ ಎರಡೂ ಪೈಪ್‌ಗಳನ್ನು ಒಟ್ಟಿಗೆ ಓದುತ್ತಾ ಕಾಯುತ್ತದೆ. ಪೈಥಾನ್ 3.7ರಿಂದ ಈಚೆಗಾದರೆ ಬೇರೆ ಪ್ರೋಗ್ರಾಂ ಓಡಿಸುವ ಸಬ್‌ಪ್ರೊಸೆಸ್ ಮಾಡ್ಯೂಲ್‌ನ ರನ್‌ಗೆ ‘ಕ್ಯಾಪ್ಚರ್ ಔಟ್‌ಪುಟ್’ ಕೊಟ್ಟರೆ ಸಾಕು, ಒಳಗೆ ಅದೇ ಕೆಲಸ ನಡೆಯುತ್ತದೆ. ಔಟ್‌ಪುಟ್ ಬೇಡವೇ ಬೇಡ ಅಂದರೆ ಪೈಪ್ ಬಿಟ್ಟು ಡೆವ್‌ನಲ್‌ಗೆ (ಬಂದದ್ದನ್ನೆಲ್ಲ ಎಸೆದುಬಿಡುವ ಜಾಗ) ಕಳಿಸಿ.

ವೇಟ್‌ಗೇ ಟೈಮ್‌ಔಟ್ ಹಾಕಿ ಕನ್ವರ್ಟರನ್ನು ಕೊಲ್ಲೋಣ ಅಂತ ಒಬ್ಬರು ಸಲಹೆ ಕೊಟ್ಟರು. ದಯವಿಟ್ಟು ಬೇಡ. ಅರ್ಧ ಬರೆದ ಫೈಲ್‌ಗಳು ಉಳಿಯುತ್ತವೆ, ಹೆಸರು ನೋಡಿದರೆ ಎಲ್ಲವೂ ಸರಿಯಾಗಿರುವಂತೆ ಕಾಣುತ್ತವೆ. ಇನ್ನೊಂದು: ಕಮ್ಯುನಿಕೇಟ್ ಇಡೀ ಔಟ್‌ಪುಟ್ಟನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಲಾಗ್ ಜಿಬಿಗಟ್ಟಲೆ ಬರುವ ಕಡೆ ಅದನ್ನು ನೇರವಾಗಿ ಫೈಲ್‌ಗೆ ಬರೆಸಿ.