ನಿದ್ದೆಗೆಟ್ಟು ಲೈವ್ ನೋಡೋದಾ, ಬೆಳಗ್ಗೆ ರೀಪ್ಲೇ ನೋಡೋದಾ?

ಯುರೋಪಿನ ಕ್ಲಬ್ ಫುಟ್‌ಬಾಲ್ ಟೂರ್ನಿ ಚಾಂಪಿಯನ್ಸ್ ಲೀಗ್‌ನ ಹೆಚ್ಚಿನ ಪಂದ್ಯಗಳು ಚಳಿಗಾಲದಲ್ಲಿ ನಮಗೆ ರಾತ್ರಿ 1:30ಕ್ಕೆ ಶುರು. ಯುರೋಪಿನಲ್ಲಿ ಬೇಸಿಗೆ ಸಮಯ ಬಂದು ಗಡಿಯಾರ ಒಂದು ಗಂಟೆ ಮುಂದಿಟ್ಟರೆ 12:30ಕ್ಕೆ.

ರೀಪ್ಲೇ ನೋಡಿದರೆ ನಿದ್ದೆ ಉಳಿಯುತ್ತದೆ, ಆದರೆ ಅಲ್ಲಿಯವರೆಗೆ ಫೋನ್ ಮುಟ್ಟುವಂತಿಲ್ಲ. ವಾಟ್ಸಾಪ್‌ನಲ್ಲಿ ಸ್ಕೋರ್ ಕಣ್ಣಿಗೆ ಬಿತ್ತೋ, ಮುಗೀತು.

ಲೈವ್‌ನ ಮಜವೇ ಬೇರೆ. 2019ರ ಮೇನಲ್ಲಿ ಲಿವರ್‌ಪೂಲ್ ಬಾರ್ಸಿಲೋನಾವನ್ನು 4-0 ಸೋಲಿಸಿತಲ್ಲ, 79ನೇ ನಿಮಿಷದಲ್ಲಿ ಕಾರ್ನರ್ (ಮೈದಾನದ ಮೂಲೆಯಿಂದ ಒದೆಯುವ ಕಿಕ್) ಬಿಟ್ಟು ಹೊರಟಿದ್ದ ಲಿವರ್‌ಪೂಲ್‌ನ ಅಲೆಕ್ಸಾಂಡರ್-ಅರ್ನಾಲ್ಡ್ ಥಟ್ಟನೆ ತಿರುಗಿ ಚೆಂಡು ಒದ್ದ. ಬಾರ್ಸಾದವರು ಇನ್ನೂ ಸಿದ್ಧರಾಗಿರಲಿಲ್ಲ, ಅವನ ಜೊತೆಗಾರ ಒರಿಗಿ ಗೋಲು ಹೊಡೆದಾಗಿತ್ತು! ಫಲಿತಾಂಶ ಮೊದಲೇ ಗೊತ್ತಿದ್ದರೆ ಮೈ ಹಾಗೆ ಜುಮ್ಮೆನ್ನುತ್ತದಾ?

ಲೀಗ್ ಹಂತಕ್ಕೆ ರೀಪ್ಲೇ ಸಾಕು. ನಾಕೌಟ್‌ಗೆ ಮಾತ್ರ ಬೇಗ ಮಲಗಿ, ಅಲಾರಂ ಇಟ್ಟು ಏಳಿ. ಬೆಳಗ್ಗೆ ದೂರ ಗಾಡಿ ಓಡಿಸಬೇಕಿದ್ದರೆ ಅದೂ ಬೇಡ.