ಎಸ್‌ಪಿ ರೋಡ್‌ನ ಹಳೇ ಮಿನಿ ಪಿಸಿ, ಎಂಟು ಪೋರ್ಟಿನ ಸ್ವಿಚ್, ಮೀಟರ್ ಲೆಕ್ಕದ ಕೇಬಲ್

ಹಳೇ ಮಿನಿ ಪಿಸಿಯನ್ನೇ ರೌಟರ್, ಫೈಲ್ ಸರ್ವರ್ ಮಾಡಿಕೊಂಡು ಕಡಿಮೆ ದುಡ್ಡಿನಲ್ಲಿ ಮನೆಗೆ ಗಟ್ಟಿಯಾದ ನೆಟ್‌ವರ್ಕ್ ಕಟ್ಟಬೇಕು ಅಂತ ಬೆಂಗಳೂರಿನ ಕಂಪ್ಯೂಟರ್ ಸಾಮಾನಿನ ಬೀದಿ ಎಸ್‌ಪಿ ರೋಡ್‌ಗೆ ಹೋಗುವವರಿಗೆ ಮೊದಲೇ ಹೇಳಿಬಿಡುತ್ತೇನೆ. ಅಲ್ಲಿ ಸಿಗುವ ಹಳೇ ಡಬ್ಬವನ್ನು ಬಹುಮಟ್ಟಿಗೆ ನಂಬಬಹುದು, ಅದರ ಜೊತೆ ಕೈಗೆ ತುರುಕುವ ಹೊಸ ಚಿಲ್ಲರೆ ಸಾಮಾನನ್ನು ನಂಬುವ ಹಾಗಿಲ್ಲ. ಐಟಿ ಆಫೀಸಿನಲ್ಲಿ ಎಸಿ ಕೆಳಗೆ ದುಡಿದು ಬಂದ ಮಿನಿ ಪಿಸಿ ಅಷ್ಟು ಸುಲಭಕ್ಕೆ ಕೆಡುವುದಿಲ್ಲ. ಕೈ ಕೊಡುವುದು ಡೂಪ್ಲಿಕೇಟ್ ಅಡಾಪ್ಟರ್, ಹೆಸರಿಲ್ಲದ ಎಸ್‌ಎಸ್‌ಡಿ (ಫೈಲ್ ಕೂಡಿಡುವ ಡ್ರೈವ್), ತಾಮ್ರ ಅಂತ ಮಾರುವ ಅಲ್ಯೂಮಿನಿಯಂ ಕೇಬಲ್.

ಸೆಕೆಂಡ್ ಹ್ಯಾಂಡ್ ಮಿನಿ ಪಿಸಿ ಕೇಳಿದರೆ ಲೆನೊವೊ ಥಿಂಕ್‌ಸೆಂಟರ್ ಟೈನಿ, ಡೆಲ್ ಆಪ್ಟಿಪ್ಲೆಕ್ಸ್ ಮೈಕ್ರೊ, ಎಚ್‌ಪಿ ಎಲೈಟ್‌ಡೆಸ್ಕ್ ಮಿನಿ, ಈ ಮೂರನ್ನೇ ತೋರಿಸುತ್ತಾರೆ. ಮೂರೂ ಸುಮಾರು ಒಂದು ಲೀಟರ್ ಗಾತ್ರ, ಮೂರೂ ಕೆಲಸಕ್ಕೆ ಬರುತ್ತವೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು. ವಿಂಡೋಸ್ 11ಕ್ಕೆ ಇಂಟೆಲ್ 8ನೇ ತಲೆಮಾರಿನ ಪ್ರೊಸೆಸರ್ ಆದರೂ ಇರಬೇಕು. ಹಾಗಾಗಿ 6 ಮತ್ತು 7ನೇ ತಲೆಮಾರಿನ ಡಬ್ಬಗಳಿಗೆ ಗಿರಾಕಿ ಕಮ್ಮಿ, ಚೌಕಾಸಿಗೆ ಜಾಗ ಜಾಸ್ತಿ. ಲಿನಕ್ಸ್ ಹಾಕಿ ಫೈಲ್ ಸರ್ವರ್ ಮಾಡುವವರು ಕಣ್ಣು ಮುಚ್ಚಿಕೊಂಡು ಅವನ್ನು ತಗೊಳ್ಳಬಹುದು. ರೌಟರ್ ಕೂಡ ಅದರಲ್ಲೇ ಓಡಿಸುವ ಆಸೆ ಇದ್ದರೆ ನನ್ನ ಓಟು 8ನೇ ತಲೆಮಾರಿನ ಲೆನೊವೊ ಎಂ720ಕ್ಯೂಗೆ.

ಅದರ ಹಿಂಭಾಗದಲ್ಲಿ ಒಂದೇ ಸ್ಕ್ರೂ. ಬಿಚ್ಚಿ ಮೇಲಿನ ಮುಚ್ಚಳವನ್ನು ಮುಂದಕ್ಕೆ ಜಾರಿಸಿದರೆ ಫ್ಯಾನ್, ಹೀಟ್‌ಸಿಂಕ್, ಎರಡೂವರೆ ಇಂಚಿನ ಡ್ರೈವ್‌ನ ಜಾಗ ಕಾಣುತ್ತೆ. ತಿರುಗಿಸಿ ತಳದ ತಗಡು ತೆಗೆದರೆ ಎರಡು ಲ್ಯಾಪ್‌ಟಾಪ್ ಮಾದರಿಯ ಡಿಡಿಆರ್4 ರ್‍ಯಾಮ್ ಸ್ಲಾಟ್ ಮತ್ತು ಎಸ್‌ಎಸ್‌ಡಿ ಕೂರಿಸುವ ಒಂದು ಎಂ.2 ಸ್ಲಾಟ್. ಎಂ720ಕ್ಯೂನಲ್ಲಿ ನೆಟ್‌ವರ್ಕ್ ಕಾರ್ಡ್‌ನಂಥ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ಹಾಕಲು ಅವಕಾಶ ಇದೆ, ಹಿಂದಿನ ಎಂ710ಕ್ಯೂನಲ್ಲಿ ಇಲ್ಲ. ಆದರೆ ಅದನ್ನು ಬೋರ್ಡಿಗೆ ಜೋಡಿಸುವ ರೈಸರ್ ಕಾರ್ಡ್ ಪಿಸಿ ಜೊತೆ ಸಾಮಾನ್ಯವಾಗಿ ಬರುವುದಿಲ್ಲ, ಬೇರೆ ಹುಡುಕಬೇಕು. ರೈಸರ್ ಕೂರಿಸಿದರೆ ಎರಡೂವರೆ ಇಂಚಿನ ಡ್ರೈವ್‌ಗೆ ಜಾಗ ಉಳಿಯುವುದಿಲ್ಲ.

ಅಂಗಡಿಯಲ್ಲೇ ಆನ್ ಮಾಡಿಸಿ, ಎಫ್1 ಒತ್ತಿ ಬಯೋಸ್ (ಪಿಸಿಯ ಮೂಲ ಸೆಟ್ಟಿಂಗ್‌ಗಳ ಪುಟ) ತೆರೆಯಿರಿ. ಪಾಸ್‌ವರ್ಡ್ ಕೇಳಿತೋ, ಅಲ್ಲೇ ಬಿಟ್ಟು ಬನ್ನಿ. ಆಫೀಸಿನವರು ಹಾಕಿದ ಸೂಪರ್‌ವೈಸರ್ ಪಾಸ್‌ವರ್ಡ್ ಅದು. ‘ಆಮೇಲೆ ತೆಗೆದುಕೊಡ್ತೀವಿ ಸಾರ್’ ಅನ್ನುವ ಮಾತಿಗೆ ಬೆಲೆ ಕೊಡಬೇಡಿ. ಗಡಿಯಾರ ತಪ್ಪು ತಾರೀಕು ತೋರಿಸಿದರೆ ಮಾತ್ರ ಚಿಂತೆ ಬೇಡ, ಸಿಆರ್2032 ಸೆಲ್ ಬದಲಿಸಿದರೆ ಸರಿಹೋಗುತ್ತೆ. ಬಯೋಸ್‌ನಲ್ಲಿದ್ದಾಗಲೇ ಪವರ್ ಮೆನುವಿನಲ್ಲಿ ‘ಆಫ್ಟರ್ ಪವರ್ ಲಾಸ್’ ಅನ್ನು ‘ಪವರ್ ಆನ್’ಗೆ ಇಟ್ಟುಬಿಡಿ. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗಲೆಲ್ಲ ಯಾರಾದರೂ ಎದ್ದು ಬಟನ್ ಒತ್ತಬೇಕು. ಮನೆಗೆ ತಂದ ಮೇಲೆ ರ್‍ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್ ಒಂದು ರಾತ್ರಿ ಓಡಲಿ, ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿ. ಈ ಅಂಗಡಿಗಳ ‘ಟೆಸ್ಟಿಂಗ್ ವಾರಂಟಿ’ ಕೆಲವೇ ದಿನದ್ದು, ಪರೀಕ್ಷೆಯೆಲ್ಲ ಅಷ್ಟರೊಳಗೆ ಮುಗಿಯಬೇಕು.

ಅಡಾಪ್ಟರ್ ವಿಷಯದಲ್ಲಿ ಜಗ್ಗಬೇಡಿ. ಎಂ720ಕ್ಯೂಗೆ 20 ವೋಲ್ಟ್, 3.25 ಆಂಪಿಯರ್, ಅಂದರೆ 65 ವ್ಯಾಟ್‌ನ ಆಯತಾಕಾರದ ಪಿನ್ ಇರುವ ಅಡಾಪ್ಟರ್ ಬೇಕು. ಹೊಸ ಡೂಪ್ಲಿಕೇಟ್‌ಗಿಂತ ಗೀರು ಬಿದ್ದ ಒರಿಜಿನಲ್ ಮೇಲು. ಡೆಲ್ ಮೈಕ್ರೊದಲ್ಲಿ ಈ ತೊಂದರೆ ಇನ್ನೂ ಎದ್ದು ಕಾಣುತ್ತೆ. ಅಡಾಪ್ಟರ್‌ನ ಗುರುತು ಸಿಗದಿದ್ದರೆ ಅದು ಎಚ್ಚರಿಕೆ ತೋರಿಸಿ ಪ್ರೊಸೆಸರ್ ವೇಗವನ್ನೇ ಇಳಿಸುತ್ತೆ. ಮಾಲೀಕ ಪಾಪ ಪಿಸಿ ಹಳೆಯದಾಯ್ತು ಅಂದುಕೊಂಡು ರ್‍ಯಾಮ್ ಮೇಲೆ ರ್‍ಯಾಮ್ ಹಾಕುತ್ತಾ ಕೂರುತ್ತಾನೆ.

ಎಸ್‌ಎಸ್‌ಡಿ ಹಳೆಯದಾದರೆ ಸ್ಮಾರ್ಟ್‌ಸಿಟಿಎಲ್ ಅಥವಾ ಕ್ರಿಸ್ಟಲ್‌ಡಿಸ್ಕ್‌ಇನ್ಫೊ ತಂತ್ರಾಂಶದಲ್ಲಿ ಎಷ್ಟು ಗಂಟೆ ಓಡಿದೆ, ಎಷ್ಟು ಪರ್ಸೆಂಟ್ ಸವೆದಿದೆ ನೋಡಿ. ಹೊಸದು, ಹೆಸರು ಕೇಳದ ಕಂಪನಿಯದು, ದೊಡ್ಡ ಸೈಜು ಸಣ್ಣ ಬೆಲೆ ಅಂದರೆ ಎಫ್3 ಅನ್ನುವ ಪರೀಕ್ಷಾ ತಂತ್ರಾಂಶ ಓಡಿಸಿ. ಡ್ರೈವ್ ತುಂಬುವಷ್ಟು ಬರೆದು ಮತ್ತೆ ಓದಿದಾಗಲೇ ನಿಜವಾದ ಸೈಜು ಹೊರಬೀಳುವುದು.

ಈಗ ಸ್ವಿಚ್. ನಾಲ್ಕು ಪೋರ್ಟಿನ ಇಂಟೆಲ್ ಐ350 ನೆಟ್‌ವರ್ಕ್ ಕಾರ್ಡ್ ಹಾಕಿ ರೌಟರ್ ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ಆ ಕಾರ್ಡ್‌ನ ನಕಲಿಗಳು ಬೇಕಾದಷ್ಟಿವೆ, ಸಣ್ಣ ಡಬ್ಬದಲ್ಲಿ ಬಿಸಿಯೂ ಆಗುತ್ತೆ. 500 ಎಂಬಿಪಿಎಸ್ ಒಳಗಿನ ಪ್ಲಾನ್ ಇದ್ದರೆ ರೈಸರೂ ಬೇಡ, ಕಾರ್ಡೂ ಬೇಡ. ಪಿಸಿಯಲ್ಲೇ ಇರುವ ಒಂದು ಗಿಗಾಬಿಟ್ ಪೋರ್ಟು ಮತ್ತು ಟಿಪಿ-ಲಿಂಕ್ ಟಿಎಲ್-ಎಸ್‌ಜಿ108ಇ ಸಾಕು. ಕೊನೆಯ ‘ಇ’ ಇಲ್ಲದ ಎಸ್‌ಜಿ108 ನೋಡಲು ಅಣ್ಣತಮ್ಮನ ಹಾಗೇ ಇರುತ್ತೆ, ಆದರೆ ಅದರಲ್ಲಿ ವಿಲ್ಯಾನ್, ಅಂದರೆ ಒಂದೇ ಸ್ವಿಚ್‌ನಲ್ಲಿ ಇಂಟರ್ನೆಟ್ಟನ್ನೂ ಮನೆಯನ್ನೂ ಬೇರೆ ಬೇರೆ ನೆಟ್‌ವರ್ಕ್ ಆಗಿ ಇಡುವ ವ್ಯವಸ್ಥೆ, ಸೆಟ್ ಮಾಡಲಾಗುವುದಿಲ್ಲ. ಪೆಟ್ಟಿಗೆ ಮೇಲಿನ ಹೆಸರು ಪೂರ್ತಿ ಓದಿ ದುಡ್ಡು ಕೊಡಿ.

ಲ್ಯಾಪ್‌ಟಾಪ್‌ಗೆ 192.168.0.2 ವಿಳಾಸ ಕೊಟ್ಟು 192.168.0.1 ತೆರೆದರೆ ಸ್ವಿಚ್‌ನ ಪುಟ ಬರುತ್ತೆ. 802.1ಕ್ಯೂ ವಿಲ್ಯಾನ್ ಆನ್ ಮಾಡಿ. ಪೋರ್ಟ್ 1ಕ್ಕೆ ಫೈಬರ್‌ನವರ ಒಎನ್‌ಟಿ (ಇಂಟರ್ನೆಟ್ ತರುವ ಡಬ್ಬ) ಜೋಡಿಸಿ, ವಿಲ್ಯಾನ್ 10ರಲ್ಲಿ ಅನ್‌ಟ್ಯಾಗ್ಡ್ (ಪ್ಯಾಕೆಟ್ ಮೇಲೆ ವಿಲ್ಯಾನ್ ನಂಬರ್ ಇಲ್ಲದೆ) ಇಡಿ. 2ರಿಂದ 6 ಮನೆಯ ಸಾಮಾನಿಗೆ, ವಿಲ್ಯಾನ್ 20, ಅನ್‌ಟ್ಯಾಗ್ಡ್. 8ಕ್ಕೆ ಮಿನಿ ಪಿಸಿ, 10 ಮತ್ತು 20 ಎರಡೂ ಟ್ಯಾಗ್ಡ್ (ನಂಬರ್ ಸಮೇತ). 7ನ್ನು ವಿಲ್ಯಾನ್ 1ರಲ್ಲೇ ಬಿಡಿ, ಲೆಕ್ಕ ತಪ್ಪಿದರೆ ಒಳಗೆ ಬರಲು ಅದೇ ಬಾಗಿಲು. ಬಹಳ ಜನ ಎಡವುವುದು ಇದರ ನಂತರದ ಹೆಜ್ಜೆಯಲ್ಲಿ. ಪಿವಿಐಡಿ (ನಂಬರಿಲ್ಲದೆ ಬಂದ ಪ್ಯಾಕೆಟ್ ಯಾವ ವಿಲ್ಯಾನ್‌ಗೆ ಅನ್ನುವುದು) ಸೆಟ್ ಮಾಡುವ ಪುಟ ಬೇರೆಯೇ ಇದೆ. ಅಲ್ಲಿ ಪೋರ್ಟ್ 1ಕ್ಕೆ 10, 2ರಿಂದ 6ಕ್ಕೆ 20 ಕೊಡದಿದ್ದರೆ ಒಳಬರುವ ಪ್ಯಾಕೆಟ್‌ಗಳೆಲ್ಲ ವಿಲ್ಯಾನ್ 1ಕ್ಕೆ ಸೇರುತ್ತವೆ. ಲೈಟು ಮಿನುಗುತ್ತೆ, ಇಂಟರ್ನೆಟ್ ಮಾತ್ರ ಬರಲ್ಲ. ಆಮೇಲೆ 1ರಿಂದ 6 ಮತ್ತು 8ನ್ನು ವಿಲ್ಯಾನ್ 1ರಿಂದ ತೆಗೆಯಿರಿ. ಈ ಸ್ವಿಚ್‌ನ ತೀರಾ ಹಳೇ ಆವೃತ್ತಿಗಳಲ್ಲಿ ಹಾಗೆ ತೆಗೆಯಲು ಬರುತ್ತಿರಲಿಲ್ಲ, ಆದ್ದರಿಂದ ಸೆಕೆಂಡ್ ಹ್ಯಾಂಡ್ ಸ್ವಿಚ್ ಬೇಡ, ಇದೊಂದನ್ನು ಹೊಸದೇ ತಗೊಳ್ಳಿ. ಕೊನೆಗೆ ‘ಸೇವ್ ಕಾನ್ಫಿಗ್’ ಒತ್ತಿ. ಸಂಜೆ ಮಳೆಗೆ ಕರೆಂಟ್ ಹೋಗುವ ಊರಿನಲ್ಲಿ ಅದನ್ನು ಮರೆತರೆ ಮಾಡಿದ್ದೆಲ್ಲ ನೀರುಪಾಲು.

ಕೇಬಲ್‌ನಲ್ಲಿ ಅತಿ ಹೆಚ್ಚು ಮೋಸ. ಕ್ಯಾಟ್6 ಅಂತ ಅಚ್ಚು ಹಾಕಿದ್ದಷ್ಟಕ್ಕೆ ತಾಮ್ರ ಆಗುವುದಿಲ್ಲ. ಒಂದು ಎಳೆಯ ಪ್ಲಾಸ್ಟಿಕ್ ಸುಲಿದು ಬ್ಲೇಡಿನಿಂದ ಕೆರೆಯಿರಿ. ಒಳಗೂ ಕೆಂಪಗಿದ್ದರೆ ತಾಮ್ರ, ಬೆಳ್ಳಗೆ ಹೊಳೆದರೆ ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ. ಇಂಥ ಎಳೆ ನಾಲ್ಕು ಸಲ ಆಚೀಚೆ ಬಗ್ಗಿಸುವಷ್ಟರಲ್ಲಿ ಪಟ್ಟನೆ ಮುರಿಯುತ್ತೆ. ಕೇಬಲ್ ಮೂಲಕವೇ ಕ್ಯಾಮೆರಾಗೆ ಕರೆಂಟ್ ಕೊಡುವುದಾದರೆ ಅಲ್ಯೂಮಿನಿಯಂನ ರೋಧ ಹೆಚ್ಚಾದ್ದರಿಂದ ದಾರಿಯಲ್ಲೇ ವೋಲ್ಟೇಜ್ ಇಳಿದು ಕ್ಯಾಮೆರಾ ರೀಸ್ಟಾರ್ಟ್ ಆಗುತ್ತಿರುತ್ತೆ. 305 ಮೀಟರ್‌ನ ಪೆಟ್ಟಿಗೆ ಕೊಳ್ಳಬೇಕಿಲ್ಲ, ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುತ್ತಾರೆ.

ತುದಿಗೆ ಕನೆಕ್ಟರ್ ಕಟ್ಟುವಾಗ ಎಳೆಗಳ ಬಣ್ಣದ ಕ್ರಮ ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಜೋಡಿ ಎಳೆಗಳ ಹುರಿಯನ್ನು 13 ಮಿಲಿಮೀಟರ್‌ಗಿಂತ ಹೆಚ್ಚು ಬಿಚ್ಚಬೇಡಿ, ಹೊರಗಿನ ಸಿಪ್ಪೆ ಕನೆಕ್ಟರ್‌ನ ಹಲ್ಲಿನ ಕೆಳಗೆ ಸಿಕ್ಕಿರಲಿ. ಕೆಲವರು ಬಣ್ಣಗಳನ್ನು ಜೋಡಿ ಜೋಡಿಯಾಗಿ ನೇರ ಸಾಲಾಗಿಟ್ಟು ಎರಡೂ ಕಡೆ ಒತ್ತಿಬಿಡುತ್ತಾರೆ. ಅಗ್ಗದ ಎಲ್‌ಇಡಿ ಟೆಸ್ಟರ್‌ನಲ್ಲಿ ಎಂಟೂ ಲೈಟು ಸರಿಯಾಗಿ ಬೆಳಗುತ್ತವೆ. ಆದರೆ 3 ಮತ್ತು 6ನೇ ಪಿನ್‌ಗಳು ಒಂದೇ ಹುರಿಯ ಜೋಡಿಯಲ್ಲಿ ಇರುವುದಿಲ್ಲ, ಸಿಗ್ನಲ್ ಒಂದರಿಂದೊಂದಕ್ಕೆ ಸೋರುತ್ತೆ, ಉದ್ದ ಹೆಚ್ಚಿದಂತೆ ಪ್ಯಾಕೆಟ್ ಬಿದ್ದುಹೋಗುತ್ತವೆ. ಲಿಂಕ್ 100 ಎಂಬಿಪಿಎಸ್‌ಗೆ ಇಳಿದಿದ್ದರೆ ಮೊದಲು ನೀಲಿ ಮತ್ತು ಕಂದು ಜೋಡಿಯನ್ನು ನೋಡಿ. 100ಕ್ಕೆ ಆ ಎರಡು ಜೋಡಿ ಬೇಡ, ಗಿಗಾಬಿಟ್‌ಗೆ ನಾಲ್ಕೂ ಬೇಕು.

ವೈಫೈಗೆ ಹೆಚ್ಚು ತಲೆ ಕೆಡಿಸಿಕೊಳ್ಳುವ ಅಗತ್ಯವಿಲ್ಲ, ಯಾವುದಾದರೂ ಗಿಗಾಬಿಟ್ ರೌಟರನ್ನು ವೈಫೈ ಮಾತ್ರ ಕೊಡುವ ಆಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿ ಇಟ್ಟರಾಯ್ತು. ‘ಎಸಿ1200’ ಅಂತ ಬರೆದಿದ್ದನ್ನು ಮಾತ್ರ ನಂಬಬೇಡಿ. ಆರ್ಚರ್ ಸಿ50, ಆರ್ಚರ್ ಸಿ6 ಎರಡರ ಮೇಲೂ ಅದೇ ಬರಹ, ಆದರೆ ಸಿ50ಯ ಪೋರ್ಟುಗಳು 100 ಎಂಬಿಪಿಎಸ್‌ನವು.

ದರ ಕೇಳುವಾಗ 18% ಜಿಎಸ್‌ಟಿ ಸೇರಿದೆಯಾ ಅಂತ ಮೊದಲೇ ಕೇಳಿ, 2,000 ಅಂದದ್ದು ಬಿಲ್ ಹೊತ್ತಿಗೆ 2,360 ಆಗುತ್ತೆ. ಹೊಸ ಸಾಮಾನಿಗೆ ಕಚ್ಚಾ ಬಿಲ್ ಒಪ್ಪಬೇಡಿ, ಸೀರಿಯಲ್ ನಂಬರ್ ಬರೆಸಿಕೊಳ್ಳಿ. ಭಾನುವಾರ ಹೆಚ್ಚಿನ ಅಂಗಡಿಗಳಿಗೆ ರಜೆ. ಗಾಡಿ ಬಿಟ್ಟು ಮೆಟ್ರೋದಲ್ಲಿ ಕೆ.ಆರ್. ಮಾರ್ಕೆಟ್ ಅಥವಾ ಚಿಕ್ಕಪೇಟೆಗೆ ಇಳಿದು ನಡೆಯುವುದೇ ಸುಖ.

ಇಡೀ ವ್ಯವಸ್ಥೆ 15 ವ್ಯಾಟ್ ಎಳೆದರೆ ತಿಂಗಳಿಗೆ ಹೆಚ್ಚುಕಮ್ಮಿ 11 ಯೂನಿಟ್. ಗೃಹಜ್ಯೋತಿಯ 200 ಯೂನಿಟ್ ಅಂಚಿನಲ್ಲಿರುವ ಮನೆಯವರು ಇದನ್ನು ಲೆಕ್ಕಕ್ಕೆ ಹಿಡಿಯಬೇಕು. ರೌಟರ್‌ಗೆ ಮಾರುವ 12 ವೋಲ್ಟ್‌ನ ಪುಟ್ಟ ಯುಪಿಎಸ್ ಈ 20 ವೋಲ್ಟ್‌ನ ಪಿಸಿಗೆ ಆಗುವುದಿಲ್ಲ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಹಿಂದಿನ ಸ್ವಿಚ್ಚನ್ನು ‘ಯುಪಿಎಸ್’ ಕಡೆ ತಳ್ಳಿ. ಇನ್ನೊಂದು ಮೋಡ್‌ನಲ್ಲಿ ಬ್ಯಾಟರಿಗೆ ಬದಲಾಗುವುದು ನಿಧಾನ, ಅಷ್ಟರಲ್ಲಿ ಪಿಸಿ ರೀಸ್ಟಾರ್ಟ್ ಆಗಿರುತ್ತೆ.